.375 ಕೋವಿಗೆ ಸ್ಕೋಪ್ ನಿಲ್ತಾನೇ ಇಲ್ಲ, ಎರಡನೇದೂ ಹೋಯ್ತು. ಕಮ್ಮಿ ಪವರ್‌ದು ಗಟ್ಟಿ ಯಾವುದು?

ತೋಟದಮನೆ_ಮೂಡಿಗೆರೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ. ನಮ್ಮ ತಾತನ ಕಾಲದ್ದು ಒಂದು ವಿಂಚೆಸ್ಟರ್ ಮಾಡೆಲ್ 70 ಇದೆ, .375 ಹೆಚ್ ಅಂಡ್ ಹೆಚ್ ಮ್ಯಾಗ್ನಮ್, ದೊಡ್ಡ ಪ್ರಾಣಿಗೆ ಹೊಡೆಯೋ ಭಾರೀ ತೋಟೇದು. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗಾಯ್ತು. ಇಲ್ಲಿ ಶೂಟಿಂಗ್ ರೇಂಜಲ್ಲಿ ಬಿಟ್ರೆ ಬೇರೆಲ್ಲೂ ಹೊಡೆಯಲ್ಲ, ವರ್ಷಕ್ಕೆ ನಲವತ್ತು ಐವತ್ತು ತೋಟೆ ಅಷ್ಟೆ. ನಮ್ಮ ಭಾವ ಸೌತ್ ಆಫ್ರಿಕಾದಲ್ಲಿದಾರೆ, ಅವರ ಹತ್ರಾನೂ ಇದೇ ಕ್ಯಾಲಿಬರ್‌ದು ಸಿಝಡ್ 550 ಇದೆ. ಮುಂದಿನ ವರ್ಷ ಅಲ್ಲಿ ಪರ್ಮಿಟ್ ತಗೊಂಡು ಕೇಪ್ ಬಫಲೋ ಬೇಟೆಗೆ ಹೋಗೋಣ ಬಾ ಅಂತ ಕರೆದಿದಾರೆ. ಅದಕ್ಕೆ ಇಬ್ರೂ ಒಂದೇ ಥರದ ಸ್ಕೋಪ್ (ಗುರಿ ನೋಡೋ ದುರ್ಬೀನು) ಹಾಕಿಸ್ಕೊಂಡ್ರೆ ಇಲ್ಲಿ ಮಾಡಿದ ಅಭ್ಯಾಸ ಅಲ್ಲಿ ಕೈಗೆ ಬರುತ್ತೆ ಅಂತ ಯೋಚನೆ.

ಕಷ್ಟ ಏನಂದ್ರೆ ಮೊದಲು ಹಾಕಿದ್ದ ಸ್ಕೋಪ್ ಎರಡು ಮಳೆಗಾಲಕ್ಕೆ ಒಳಗೆಲ್ಲ ಮಂಜು ಕಟ್ಟಿ ಬೂಷ್ಟು ಬಂತು. ಎರಡನೇದು 3-9x40, ಅಂದ್ರೆ 3ರಿಂದ 9 ಪಟ್ಟು ದೊಡ್ಡದು ಮಾಡಿ ತೋರಿಸೋದು, ಮುಂದಿನ ಗಾಜು 40 ಎಂಎಂ, ಸುಮಾರು ದುಡ್ಡು ಕೊಟ್ಟೇ ತಗೊಂಡಿದ್ದೆ. ಹೋದ ಭಾನುವಾರ ರೇಂಜಲ್ಲಿ ಮೊದಲ ಮೂರು ಗುಂಡು ಎರಡಿಂಚಲ್ಲಿ ಕೂತವು, ಆಮೇಲೆ ಒಂದು ಗೇಣು ಆಚೆ, ಮತ್ತೆ ಈಚೆ. ಏಳನೇ ಗುಂಡಿಗೆ ಒಳಗಿನ ಗೆರೆ ವಾಲ್ಕೊಂಡ್ತು, ಎಂಟನೇದಕ್ಕೆ ಅಡ್ಡಗೆರೆ ಮಾಯ. ಜೊತೆಗೆ ಹುಬ್ಬಿಗೆ ತಾಗಿ ರಕ್ತ ಬೇರೆ ಬಂತು. ವಯಸ್ಸು 53, ಹಿಂದಿನ ಸೈಟು ಮಬ್ಬು ಕಾಣತ್ತೆ, ಹಾಗಾಗಿ ಸ್ಕೋಪ್ ಬೇಕೇ ಬೇಕು. ಯಾವುದು ತಗೊಳ್ಲಿ?

ಹಾನಬಾಳ್_ಹುಡುಗ:
.375ಗೆ 3-9 ಯಾಕೆ ಹಾಕಿದ್ರಿ ಸಾರ್, ಅದು ಜಿಂಕೆ ಹೊಡೆಯೋ ಕೋವಿಗೆ ಮಾಡಿರೋದು

ತೋಟದಮನೆ_ಮೂಡಿಗೆರೆ:
ಅಂಗಡಿಯವ್ರು ಎಲ್ಲದಕ್ಕೂ ಆಗತ್ತೆ ಅಂದ್ರಪ್ಪ, ನಂಬಿದೆ.

ಹಾಸನದವ_ಆಫ್ರಿಕಾದಲ್ಲಿ:
ಅಣ್ಣಾ ನಾನು ಹೊಳೆನರಸೀಪುರದ ಕಡೆಯವನು, ಇಲ್ಲಿಗೆ ಬಂದು ಹನ್ನೊಂದು ವರ್ಷ ಆಯ್ತು, ಎರಡು ಸಲ ಬಫಲೋ ಬೇಟೆಗೆ ಹೋಗಿದೀನಿ. ನೀವು ಕೇಳಿರೋದು ಸರಿಯಾದ ಪ್ರಶ್ನೆ, ಆದ್ರೆ ಬ್ರಾಂಡ್‌ಗಿಂತ ಮುಂಚೆ ಪವರ್ ಇತ್ಯರ್ಥ ಆಗ್ಲಿ. ಇಲ್ಲಿ ಬಫಲೋಗೆ ಗುಂಡು ಹೋಗೋದು 40 ಮೀಟರ್‌ನಿಂದ 100 ಮೀಟರ್ ಒಳಗೆ. ಪೊದೆಯಿಂದ ಪೊದೆಗೆ ಕೂತು ತೆವಳಿ ಹೋಗಿರ್ತೀವಿ, ಟ್ರ್ಯಾಕರ್ (ಹೆಜ್ಜೆ ಜಾಡು ಹುಡುಕೋನು) ಮೂರು ಕಾಲಿನ ಕೋಲು ನೆಡ್ತಾನೆ, ಅದರ ಮೇಲೆ ಕೋವಿ ಇಟ್ಟು ಹಿಂಡಲ್ಲಿ ಸರಿಯಾದ ಗಂಡು ಯಾವುದು ಅಂತ ಹುಡುಕಿ ಹೊಡೀಬೇಕು. 9 ಪವರ್ ಹಾಕ್ಕೊಂಡ್ರೆ ಕಪ್ಪು ಚರ್ಮ ಬಿಟ್ಟು ಏನೂ ಕಾಣಲ್ಲ, ಭುಜ ಯಾವ್ದು ಸೊಂಟ ಯಾವ್ದು ಗೊತ್ತಾಗಲ್ಲ. 1.5ರಲ್ಲಿಟ್ಟು ಹೋಗೋದು, ಟೈಮ್ ಇದ್ರೆ 3 ಅಥ್ವಾ 4ಕ್ಕೆ ತಿರುಗಿಸೋದು. 1-4 ಅಥ್ವಾ 1.5-5, ಅದರಾಚೆ ಬೇಡ.

ಎರಡನೇದು ಹುಬ್ಬಿನ ವಿಷಯ. ಕಣ್ಣಿಗೂ ಹಿಂದಿನ ಗಾಜಿಗೂ ಇರೋ ದೂರ ನಾಲ್ಕಿಂಚಿನ ಹತ್ರ ಇರಬೇಕು, ಅದೂ ಜಾಸ್ತಿ ಪವರಲ್ಲೂ. ಎಷ್ಟೋ 3-9ಗಳಲ್ಲಿ ಪವರ್ ಏರಿಸ್ತಿದ್ದಂಗೆ ಅದು ಮೂರಿಂಚಿಗೆ ಬರತ್ತೆ. ನೀವು ಮಲ್ಕೊಂಡು ಹೊಡೆದ್ರಾ?

ತೋಟದಮನೆ_ಮೂಡಿಗೆರೆ:
ಹೌದು ಮಲ್ಕೊಂಡೇ, ಮರಳು ಚೀಲದ ಮೇಲೆ.

ಹಾಸನದವ_ಆಫ್ರಿಕಾದಲ್ಲಿ:
ಅದೇ ಮತ್ತೆ. ಮಲಗಿದ್ರೆ ತಲೆ ತಾನಾಗೇ ಮುಂದೆ ಹೋಗತ್ತೆ, ಭುಜ ಹಿಂದೆ ಜರುಗೋಕೆ ಜಾಗ ಇಲ್ಲ. ದೊಡ್ಡ ಕೋವೀನ ನಿಂತು ಹೊಡೀರಿ, ಇಲ್ಲಾಂದ್ರೆ ಎತ್ತರದ ಬೆಂಚಲ್ಲಿ ನೆಟ್ಟಗೆ ಕೂತು.

ಹಳೇ_ತೋಟೆಕೋವಿ:
ನಾನು ಕೊಪ್ಪದವನು, 71 ವರ್ಷ. ನಮ್ಮ ಮನೇಲಿ ಕೇಪಿನ ಕೋವಿಯಿಂದ ಹಿಡಿದು ಜೋಡಿ ನಳಿಗೆವರೆಗೆ ಎಲ್ಲಾ ಇತ್ತು. .375 ಬಂದಿದ್ದು 1912ರಲ್ಲಿ, ಆಗ ಎಷ್ಟು ಜನರ ಹತ್ರ ಸ್ಕೋಪ್ ಇತ್ರೀ? ಹೆಚ್ಚಿನವ್ರು ತೆರೆದ ಸೈಟಲ್ಲೇ ಹೊಡೀತಿದ್ರು. ಗಾಜು ಅಂದ್ರೆ ಗಾಜೇ, ಒಂದಲ್ಲಾ ಒಂದಿನ ಒಡೆಯೋದೆ. ನಮ್ಮ ಮಳೇಲಿ ಅದನ್ನ ಒರೆಸೋದ್ರಲ್ಲೇ ಪ್ರಾಣಿ ಹೋಗಿರತ್ತೆ.

ತೋಟದಮನೆ_ಮೂಡಿಗೆರೆ:
ದೊಡ್ಡಪ್ಪಾ ನಿಮ್ಮ ಮಾತು ಒಪ್ತೀನಿ, ಆದ್ರೆ ನನ್ನ ಕಣ್ಣು ಒಪ್ಪಲ್ಲ. ಹಿಂದಿನ ಸೈಟು, ಮುಂದಿನ ಮಣಿ, ಗುರಿ ಮೂರನ್ನೂ ಒಟ್ಟಿಗೆ ನೋಡೋಕಾಗಲ್ಲ. ಸ್ಕೋಪಲ್ಲಿ ಗೆರೆ, ಗುರಿ ಎರಡೂ ಒಂದೇ ಸಮಕ್ಕೆ ಕಾಣತ್ತೆ. ಪ್ರಾಣಿಗೆ ಗಾಯ ಮಾಡಿ ಬಿಟ್ಟು ಬರೋದು ನನಗೆ ಬೇಡ, ಅದಕ್ಕೇ ಇಷ್ಟು ಕೇಳ್ತಿರೋದು.

ಹಳೇ_ತೋಟೆಕೋವಿ:
ಆ ಮಾತು ಸರಿ. ಹಾಗಿದ್ರೆ ತಟ್ಟಂತ ಬಿಚ್ಚೋಕೆ ಬರೋ ರಿಂಗ್ (ಸ್ಕೋಪ್ ಹಿಡಿಯೋ ಬಳೆ) ಹಾಕ್ಸು, ಕೋವಿ ಮೇಲಿರೋ ಸೈಟು ತೆಗೆಸ್ಬೇಡ. ಸ್ಕೋಪ್ ಕೈ ಕೊಟ್ರೆ ಅದೇ ಗತಿ.

ಫಿಸಿಕ್ಸ್_ಮೇಷ್ಟ್ರು_ಹಾಸನ:
ನಾನು ಕೋವಿ ಹಿಡಿದವನಲ್ಲ, ಆದ್ರೆ ಸ್ಕೋಪ್ ಯಾಕೆ ಒಡೆಯತ್ತೆ ಅನ್ನೋದು ನಮ್ಮ ಪಾಠದ ವಿಷಯ, ಲೆಕ್ಕ ಹಾಕಿದೆ, ನೋಡಿ. 300 ಗ್ರೇನ್ ಗುಂಡು ಅಂದ್ರೆ 19.4 ಗ್ರಾಂ, ವೇಗ ಸೆಕೆಂಡಿಗೆ ಹತ್ತತ್ರ 770 ಮೀಟರ್. ಮದ್ದಿನ ಅನಿಲದ್ದೂ ಸೇರಿಸಿದ್ರೆ 4 ಕೆಜಿ ಕೋವಿ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದೆ ಬರತ್ತೆ. 5 ಮೀಟರ್ ಅಂದ್ರೆ ಜಾಸ್ತಿ ಅಲ್ಲ, ಸೈಕಲ್ ವೇಗ. ಆದ್ರೆ ನಿಂತಲ್ಲಿಂದ ಆ ವೇಗಕ್ಕೆ ಬರೋದು ಒಂದೂವರೆ ಎರಡು ಮಿಲಿಸೆಕೆಂಡಲ್ಲಿ! ಅಲ್ಲಿಗೆ ಗುರುತ್ವಾಕರ್ಷಣೆಯ 250-300 ಪಟ್ಟು ಎಳೆತ. 270 ಗ್ರಾಂ ಸ್ಕೋಪ್ ಆ ಒಂದು ಕ್ಷಣ ರಿಂಗುಗಳನ್ನ 70-80 ಕೆಜಿ ಬಲದಲ್ಲಿ ಎಳೆಯತ್ತೆ, ಒಂದೂವರೆ ಮೂಟೆ ಕಾಫಿ. 650 ಗ್ರಾಂದು ಹಾಕಿದ್ರೆ ಮೂರು ಮೂಟೆ ದಾಟತ್ತೆ. ಇದು ಹೊರಗಿನ ಮಾತು ಮಾತ್ರ ಅಲ್ಲ, ಒಳಗಿನ ಒಂದೊಂದು ಗಾಜಿಗೂ ಅದೇ ಲೆಕ್ಕ. ದೊಡ್ಡ ಗಾಜು, ಭಾರದ ಗಾಜು, ತಾನು ಕೂತಿರೋ ಜಾಗದಿಂದ ತಾನೇ ಕಿತ್ಕೊಳ್ಳತ್ತೆ. ಆದ್ದರಿಂದ ಗಟ್ಟಿ ಸ್ಕೋಪ್ ಅಂದ್ರೆ ದಪ್ಪ ಸ್ಕೋಪ್ ಅಲ್ಲ, ಹಗುರ ಇರೋದು. ಮುಂದೆ ಗಂಟೆ ಥರ ಅಗಲ ಆಗದೇ ನೇರ ಕೊಳವೆ ಥರ ಇರೋದು ತಗೊಳ್ಳಿ.

ಅರ್ಧಂಬರ್ಧ_ಗುರಿ:
ಮೇಷ್ಟ್ರೇ ಇದು ಪೂರ್ತಿ ಒಪ್ಪೋಕಾಗಲ್ಲ. ಯುರೋಪಿನ 30 ಎಂಎಂ ಟ್ಯೂಬಿನ ಸ್ಕೋಪ್‌ಗಳು ಅರ್ಧ ಕೆಜಿ ತೂಗ್ತಾವೆ, ಇನ್ನೂ ದೊಡ್ಡ .458 ಕೋವಿ ಮೇಲೆ ಕೂತು ವರ್ಷಗಟ್ಟಲೆ ಬಾಳ್ತಾವೆ. ನಿಮ್ಮ ಲೆಕ್ಕದ ಪ್ರಕಾರ ಅವೆಲ್ಲಾ ಉದುರಬೇಕಿತ್ತು

ಫಿಸಿಕ್ಸ್_ಮೇಷ್ಟ್ರು_ಹಾಸನ:
ಉದುರಲ್ಲ, ಆದ್ರೆ ಅಷ್ಟು ಬಲ ತಡ್ಕೊಳ್ಳೋಕೆ ಒಳಗಿನ ಕೆಲಸಕ್ಕೂ ರಿಂಗಿಗೂ ಅಷ್ಟೇ ದುಡ್ಡು ಸುರೀಬೇಕು. ಹಗುರ ಆದ್ರೆ ಅದೇ ದುಡ್ಡಲ್ಲಿ ಜಾಸ್ತಿ ಬಾಳಿಕೆ. ಅಷ್ಟೇ ನಾನು ಹೇಳಿದ್ದು.

ಹಾನಬಾಳ್_ಹುಡುಗ:
20 ಎಂಎಂ ಗಾಜಾದ್ರೆ ಬೆಳಗಿನ ಜಾವ ಕತ್ಲೆ ಕತ್ಲೆ ಕಾಣಲ್ವಾ?

ಫಿಸಿಕ್ಸ್_ಮೇಷ್ಟ್ರು_ಹಾಸನ:
ಗಾಜಿನ ಅಗಲಾನ ಪವರಿಂದ ಭಾಗಿಸಿ. 20 ಎಂಎಂ ಸ್ಕೋಪು 4 ಪವರಲ್ಲಿ 5 ಎಂಎಂ ಬೆಳಕಿನ ಕಿಂಡಿ ಕೊಡತ್ತೆ, 2.5 ಪವರಲ್ಲಿ 8. ಐವತ್ತು ದಾಟಿದವರ ಪಾಪೆ ಕತ್ತಲಲ್ಲಿ 5 ಎಂಎಂ ಆಸುಪಾಸು ಅಗಲ ಆಗೋದು. ಅದಕ್ಕಿಂತ ಜಾಸ್ತಿ ಬಂದಿದ್ದು ಕಣ್ಣಿನೊಳಗೆ ಹೋಗಲ್ಲ. 9 ಪವರ್ ಮಾಡಿದ 40 ಎಂಎಂ ಸ್ಕೋಪ್‌ಗಿಂತ ಇದೇ ಮೇಲು.

ಏರ್‌ಗನ್_ಚಿಕ್ಕಮಗಳೂರು:
ನಂದೊಂದು ಅನುಭವ ಹೇಳ್ಬೇಕು. .177 ಸ್ಪ್ರಿಂಗ್ ಏರ್‌ಗನ್ ನಂದು, ಲೈಸೆನ್ಸ್ ಬೇಡದ್ದು. ಇದಕ್ಕೆಂತ ಒದೆ ಇರತ್ತೆ ಅಂತ ಸೆಂಟರ್‌ಫೈರ್ (ಮದ್ದಿನ ತೋಟೆ ಹಾಕೋ) ಕೋವೀದೇ ಒಳ್ಳೆ ಸ್ಕೋಪ್ ಹಾಕಿದ್ದೆ. ಮೂರೇ ತಿಂಗಳಿಗೆ ಒಳಗಡೆ ಗಾಜು ಗಿಲಗಿಲ. ಆಮೇಲೆ ಗೊತ್ತಾಗಿದ್ದು ಏನಂದ್ರೆ ಸ್ಪ್ರಿಂಗ್ ಗನ್ನಲ್ಲಿ ಪಿಸ್ಟನ್ ಮುಂದೆ ಹೋಗುವಾಗ ಗನ್ ಹಿಂದೆ ಬರತ್ತೆ, ಪಿಸ್ಟನ್ ಕೊನೇಲಿ ಬಡಿದಾಗ ಗನ್ ಮುಂದಕ್ಕೆ ಜಿಗಿಯತ್ತೆ. ಒದೆ ಎರಡೂ ಕಡೆಗೆ. ಸಾಮಾನ್ಯ ಸ್ಕೋಪ್‌ನ ಒಂದೇ ಕಡೆಯ ಒದೆಗೆ ಅಂತ ಕಟ್ಟಿರ್ತಾರೆ. ಹಾಗಾಗಿ ಯಾರಾದ್ರೂ .375 ತಡ್ಕೊಂಡಿದೆ ಅಂದಾಕ್ಷಣ ಏರ್‌ಗನ್ ತಡ್ಕೊಳ್ಳತ್ತೆ ಅಂತ ಅಲ್ಲ, ಏರ್‌ಗನ್‌ದು .375ಗೆ ನಡೀತದೆ ಅಂತಾನೂ ಅಲ್ಲ. ಏರ್‌ಗನ್ ರೇಟೆಡ್ ಅಂತ ಬರೆದಿದ್ದು ನೋಡಿ ಅಗ್ಗಕ್ಕೆ ತಗೊಂಡು ದೊಡ್ಡ ಕೋವಿಗೆ ಹಾಕ್ಬೇಡಿ ದಯವಿಟ್ಟು.

ಹವಾಲ್ದಾರ್_ಅರಸೀಕೆರೆ:
ಎಲ್ರೂ ಸ್ಕೋಪ್ ಸ್ಕೋಪ್ ಅಂತಿದೀರಿ, ಒಬ್ರಾದ್ರೂ ಬೇಸ್ (ಕೋವಿ ಮೇಲೆ ರಿಂಗ್ ಕೂರೋ ಪಟ್ಟಿ) ಬಗ್ಗೆ ಕೇಳಿದ್ರಾ? 22 ವರ್ಷ ಫೌಜಲ್ಲಿದ್ದವನು ನಾನು, ಗುರಿ ತಪ್ತಿದೆ ಅಂತ ಬಂದ ಹತ್ತು ಕೋವೀಲಿ ಏಳೆಂಟಕ್ಕೆ ಸ್ಕ್ರೂ ಸಡಿಲ ಇರ್ತಿತ್ತು. ಮೂಡಿಗೆರೆಯವ್ರೇ, ನೀವು ಹೇಳಿದ್ದೇ ನೋಡಿ, ಮೊದಲು ಮೂರು ಸರಿ, ಆಮೇಲೆ ಆಚೆ ಈಚೆ. ಗೆರೆ ಮುರಿಯೋಕೆ ಮುಂಚೇನೇ ಏನೋ ಅಲ್ಲಾಡ್ತಿತ್ತು. ಸ್ಕೋಪ್ ಬಿಚ್ಚಿ ಬೇಸ್ ಸ್ಕ್ರೂ ಒಂದೊಂದೇ ತೆಗೆದು ನೋಡಿ. ಹಳೇ ವಿಂಚೆಸ್ಟರಲ್ಲಿ 6-48 ಸ್ಕ್ರೂ ಇರತ್ತೆ, ಬರೀ ಮೂರೂವರೆ ಎಂಎಂ ದಪ್ಪ. ಅದಕ್ಕಿಂತ ಸಣ್ಣ .30-06 ಕೋವಿಗೆ ಸಾಕು. ಇದಕ್ಕೆ 8-40 ಹಾಕಿಸಿ, ನಾಲ್ಕು ಎಂಎಂ ಮೇಲೆ ಬರತ್ತೆ. ಆದ್ರೆ ತೂತು ದೊಡ್ಡದು ಮಾಡೋದು ಬಲ್ಲ ಗನ್‌ಸ್ಮಿತ್ ಕೈಲೇ ಆಗ್ಬೇಕು, ಗ್ಯಾರೇಜಲ್ಲಿ ಬೇಡ.

ಕೂರಿಸೋ ಕ್ರಮ ಹೇಳ್ತೀನಿ. ಸ್ಕ್ರೂ, ತೂತು, ಬೇಸ್ ಅಡಿ ಎಲ್ಲಾ ಅಸಿಟೋನ್ ಹಾಕಿ ಒರೆಸಿ, ಒಂದು ಹನಿ ಎಣ್ಣೆ ಇರಬಾರ್ದು. ಬೇಸ್ ಸ್ಕ್ರೂಗೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯೋ ಅಂಟು) ಹಚ್ಚಿ. ರಿಂಗನ್ನ ಬೇಸ್ ಮೇಲೆ ಇಟ್ಟು ಮುಂದಕ್ಕೆ ಒತ್ತಿ ಹಿಡ್ಕೊಂಡು ಬಿಗಿ ಮಾಡಿ, ಯಾಕಂದ್ರೆ ಕೋವಿ ಹಿಂದೆ ಬಂದಾಗ ಸ್ಕೋಪ್ ಇದ್ದಲ್ಲೇ ಇರೋಕೆ ನೋಡತ್ತೆ, ಅಂದ್ರೆ ಮುಂದಕ್ಕೆ ಜಾರತ್ತೆ. ಮೊದಲೇ ಮುಂದಿನ ಗೋಡೆಗೆ ತಾಗಿದ್ರೆ ಜಾರೋಕೆ ಜಾಗ ಇಲ್ಲ. ರಿಂಗಿನ ಮೇಲಿನ ಸ್ಕ್ರೂ 2 ನ್ಯೂಟನ್ ಮೀಟರ್ ಒಳಗೆ. ಕೈ ಜೋರು ಅಂತ ತಿರುಪಿದ್ರೆ ಟ್ಯೂಬ್ ಒತ್ತಿ ಒಳಗಿನ ಕೊಳವೆ ಸಿಕ್ಕಾಕ್ಕೊಳ್ಳತ್ತೆ, ಆಮೇಲೆ ಕ್ಲಿಕ್ (ಗುರಿ ಸರಿ ಮಾಡೋ ತಿರುಪು) ಎಷ್ಟು ತಿರುಗಿಸಿದ್ರೂ ಗುರಿ ಜರುಗಲ್ಲ. ಬಿಗಿಯ ಅಳತೆ ತೋರಿಸೋ ಟಾರ್ಕ್ ಸ್ಕ್ರೂಡ್ರೈವರ್ ತಗೊಳ್ಳಿ, ಅದಕ್ಕೆ ಹಾಕೋ ದುಡ್ಡು ದಂಡ ಅಲ್ಲ.

ಹಾಸನದವ_ಆಫ್ರಿಕಾದಲ್ಲಿ:
ಹವಾಲ್ದಾರ್ರು ಹೇಳಿದ್ದು ನೂರಕ್ಕೆ ನೂರು. ಭಾವನ ಸಿಝಡ್ 550ಗೆ ಈ ತಾಪತ್ರಯ ಇಲ್ಲ, ಆಕ್ಷನ್ (ಬೋಲ್ಟ್ ಓಡಾಡೋ ಉಕ್ಕಿನ ಭಾಗ) ಮೇಲೇ 19 ಎಂಎಂ ದಿಂಡು ಕಡೆದಿರ್ತಾರೆ, ಬೇಸ್ ಸ್ಕ್ರೂ ಅನ್ನೋದೇ ಇಲ್ಲ. ಹಾಗಾಗಿ ಸ್ಕೋಪ್ ಒಂದೇ ಥರದ್ದಾದ್ರೂ ರಿಂಗ್ ಬೇರೆ ಬೇರೆ ತರಿಸ್ಬೇಕು. ಇನ್ನೊಂದು, .375 ಹೆಚ್ ಅಂಡ್ ಹೆಚ್ ತೋಟೆ 3.6 ಇಂಚು ಉದ್ದ, ಆಕ್ಷನ್ನೂ ಉದ್ದ. ಚಿಕ್ಕ ಸ್ಕೋಪಲ್ಲಿ ರಿಂಗ್ ಹಿಡಿಯೋ ಜಾಗ ಸಾಲದೇ ಹೋಗ್ಬಹುದು, ಅಳತೆ ತಗೊಂಡೇ ಆರ್ಡರ್ ಮಾಡಿ.

ಮುತ್ತೋಡಿ_ಮರ:
ನೀವೆಲ್ಲಾ ಎಷ್ಟು ಆರಾಮಾಗಿ ಪ್ರಾಣಿ ಹೊಡೆಯೋ ಮಾತಾಡ್ತಿದೀರಲ್ಲ. ಇಲ್ಲಿ 1972ರ ವನ್ಯಜೀವಿ ಕಾನೂನು ಬಂದು ಇಷ್ಟು ವರ್ಷ ಆಯ್ತು, ಭದ್ರಾ ಕಾಡಲ್ಲಿ ಈಗ ಹುಲಿ ಇದೆ, ಕಾಟಿ ಇದೆ ಅಂದ್ರೆ ಅದಕ್ಕೇ. ಇಲ್ಲಿ ಮಾಡೋಕಾಗಲ್ಲ ಅಂತ ಅಲ್ಲಿಗೆ ಹೋಗ್ತೀರಾ? ನೋವಾಗತ್ತೆ.

ತೋಟದಮನೆ_ಮೂಡಿಗೆರೆ:
ನಿಮ್ಮ ನೋವು ಅರ್ಥ ಆಗತ್ತೆ. ನಮ್ಮ ತೋಟಕ್ಕೆ ಬೇಸಿಗೇಲಿ ಕಾಟಿ ಬರ್ತವೆ, ಕೆರೆ ಹತ್ರ ನಿಂತು ನೋಡ್ತೀವಿ, ಒಂದಕ್ಕೂ ಕೋವಿ ಎತ್ತಿಲ್ಲ, ಎತ್ತೋದೂ ಇಲ್ಲ. ಅಲ್ಲಿ ಕಾನೂನು ಬೇರೆ, ಸರ್ಕಾರದ ಪರ್ಮಿಟ್ ಮೇಲೆ ನಡೆಯೋದು, ಮಾಂಸಾನೂ ದಂಡ ಮಾಡಲ್ಲ. ಅದು ಸರಿಯೋ ತಪ್ಪೋ ನಾವಿಬ್ರೂ ಕೂತು ಮಾತಾಡ್ಬಹುದು, ಆದ್ರೆ ಹೋಗೋದೇ ಆದ್ರೆ ಒಂದೇ ಗುಂಡಿಗೆ ಮುಗೀಬೇಕು ಅನ್ನೋದು ನನ್ನ ಹಟ.

ಮುತ್ತೋಡಿ_ಮರ:
ನಾನು ಒಪ್ಪಲ್ಲ. ಆದ್ರೆ ನೆಟ್ಟಗೆ ಉತ್ತರ ಕೊಟ್ರಿ, ಅದಕ್ಕೆ ಥ್ಯಾಂಕ್ಸ್.

ಆಲೂರು_ಏಲಕ್ಕಿ:
ಕಾಟಿ ಬಿಡಿ ಮಾರಾಯ್ರೆ, ನಮ್ಮಲ್ಲಿ ಆನೆದು. ಕೊಯ್ಲು ಟೈಮಲ್ಲಿ ಆಳುಗಳು ಬರೋಕೇ ಹೆದರ್ತಾರೆ, ಬೆಳಗ್ಗೆ ಆನೆ ಎಲ್ಲಿದೆ ಅಂತ ಮೆಸೇಜ್ ನೋಡ್ಕೊಂಡೇ ತೋಟಕ್ಕಿಳಿಯೋದು

ಹಾನಬಾಳ್_ಹುಡುಗ:
ನಮ್ಕಡೆನೂ ಅದೇ ಕತೆ. ಅದಿರ್ಲಿ, ಎಲೆಕ್ಷನ್ ಬಂದಾಗೆಲ್ಲ ಕೋವಿ ಸ್ಟೇಷನ್ನಿಗೆ ಡೆಪಾಸಿಟ್ ಮಾಡ್ತೀವಲ್ಲ, ಸ್ಕೋಪ್ ಸಮೇತ ಕೊಡ್ತೀರಾ ಬಿಚ್ಚಿ ಕೊಡ್ತೀರಾ?

ಹಳೇ_ತೋಟೆಕೋವಿ:
ಬಿಚ್ಚಿ ಕೊಡ್ಬೇಕು! ನಂದು ಒಂದ್ಸಲ ಎರಡು ತಿಂಗಳು ಗೋಡೆಗೆ ಒರಗಿಸಿ ಇಟ್ಟಿದ್ರು, ಮೇಲಿಂದ ಇನ್ನಷ್ಟು ಕೋವಿ. ವಾಪಸ್ ತರೋವಾಗ ನಳಿಗೆ ತುಂಬಾ ತುಕ್ಕು. ಸ್ಕೋಪ್ ಇದ್ದಿದ್ರೆ ಕತೆ ಮುಗೀತಿತ್ತು. ಅದಕ್ಕೂ ಸೇರಿಸೇ ನಾನು ಬಿಚ್ಚೋ ರಿಂಗ್ ಹಾಕ್ಸು ಅಂದಿದ್ದು.

ತೋಟದಮನೆ_ಮೂಡಿಗೆರೆ:
ಮೊದಲ ಸ್ಕೋಪಿಗೆ ಬೂಷ್ಟು ಬಂದಿದ್ದು ಹಂಗೇ ಇರ್ಬಹುದು, ಆ ವರ್ಷ ಎಲೆಕ್ಷನ್ ಇತ್ತು. ಈಗ ಹೊಳೀತು.

ಕನ್ನಡಕ_ರಿಪೇರಿ_ಹಾಸನ:
ನಾನು ಮೈಕ್ರೋಸ್ಕೋಪು ಬೈನಾಕ್ಯುಲರ್ ಸರ್ವೇ ಲೆವೆಲ್ಲು ಎಲ್ಲಾ ರಿಪೇರಿ ಮಾಡೋನು, ನಾಲ್ಕೈದು ರೈಫಲ್ ಸ್ಕೋಪೂ ಬಿಚ್ಚಿದೀನಿ. ಮಂಜು ಕಟ್ಟೋದಕ್ಕೆ ಕಾರಣ ಒಳಗಿನ ಸಾರಜನಕ ಸೋರಿ ಹೋಗಿ ಹೊರಗಿನ ತೇವದ ಗಾಳಿ ಹೊಕ್ಕೋದು, ರಬ್ಬರ್ ರಿಂಗು ಒಣಗಿದ್ರೆ ಹಂಗಾಗತ್ತೆ. ಗೆರೆ ಮುರಿದಿದ್ದು ಅಂದ್ರೆ ನಿಮ್ದು ತಂತಿ ಗೆರೆ, ಕೂದಲಿನಷ್ಟು ತೆಳ್ಳಗಿನ ತಂತಿ ಬೆಸುಗೆ ಹಾಕಿರ್ತಾರೆ, ಒದೆಗೆ ಬಿಟ್ಕೊಳ್ಳತ್ತೆ. ಗಾಜಿನ ಮೇಲೇ ಕೊರೆದ ಗೆರೆ ಆದ್ರೆ ಮುರಿಯೋ ಮಾತೇ ಇಲ್ಲ, ಆದ್ರೆ ಆ ಗಾಜು ಕೂತಿರೋ ಬಿಲ್ಲೆ ಸಡಿಲ ಆದ್ರೆ ಗೆರೆ ಪೂರ್ತಿ ವಾಲತ್ತೆ. ತಂತೀದೆಲ್ಲ ಕೆಟ್ಟದ್ದು ಅಂತ ಅಲ್ಲ, ಒಳ್ಳೆ ಕಂಪನಿ ತಂತಿ ದಶಕಗಟ್ಟಲೆ ಬಾಳಿರೋದು ನೋಡಿದೀನಿ.

ಮುಖ್ಯ ಇನ್ನೊಂದು. ಒಳಗೊಂದು ಸಣ್ಣ ಕೊಳವೆ ಇರತ್ತೆ, ನೀವು ಕ್ಲಿಕ್ ತಿರುಗಿಸಿದಾಗ ಸ್ಕ್ರೂ ಅದನ್ನ ಒಂದು ಕಡೆ ತಳ್ಳತ್ತೆ, ಎದುರಿಂದ ಸ್ಪ್ರಿಂಗ್ ಒತ್ತಿ ಹಿಡಿದಿರತ್ತೆ. ಅಗ್ಗದ ಸ್ಕೋಪಲ್ಲಿ ಸಾಯೋದು ಈ ಸ್ಪ್ರಿಂಗೇ. ಬೇಸ್ ಸೊಟ್ಟ ಇದ್ರೆ ಗುರಿ ಕೂರಿಸೋಕೆ ಕ್ಲಿಕ್ಕನ್ನ ಒಂದು ತುದೀವರೆಗೂ ತಿರುಗಿಸ್ಬೇಕಾಗತ್ತೆ, ಆಗ ಸ್ಪ್ರಿಂಗಿಗೆ ಬಲಾನೇ ಉಳಿಯಲ್ಲ, ಪ್ರತೀ ಒದೆಗೂ ಕೊಳವೆ ಕುಣಿಯತ್ತೆ. ಹಾಗಾಗಿ ಕ್ಲಿಕ್ ನಡು ಮಧ್ಯದ ಹತ್ರಾನೇ ಗುರಿ ಕೂರ್ಬೇಕು.

ಅರ್ಧಂಬರ್ಧ_ಗುರಿ:
ಸರಿ ಈಗ ಹೆಸ್ರು ಹೇಳಿ ಯಾರಾದ್ರೂ. ಲ್ಯೂಪೋಲ್ಡ್ ವಿಎಕ್ಸ್-3 1.5-5x20 ಅಲ್ವಾ ಎಲ್ರೂ ಹೇಳೋದು

ಹಾಸನದವ_ಆಫ್ರಿಕಾದಲ್ಲಿ:
ನನ್ನ ವೋಟೂ ಅದಕ್ಕೇ. ಮುನ್ನೂರು ಗ್ರಾಂ ಒಳಗೆ ತೂಕ, ಒಂದಿಂಚು ಟ್ಯೂಬು, ಮುಂದೆ ನೇರ. ಇಲ್ಲಿ ದೊಡ್ಡ ಕೋವಿಗಳ ಮೇಲೆ ಅದನ್ನೇ ಜಾಸ್ತಿ ನೋಡಿದೀನಿ. ಟ್ರಿಜಿಕಾನ್ ಆಕ್ಯುಪಾಯಿಂಟ್ 1-4x24 ಕೂಡ ಭಾಳ ಗಟ್ಟಿ, ನಡುವಿನ ಚುಕ್ಕಿ ಫೈಬರ್ ಮತ್ತೆ ಟ್ರಿಟಿಯಮ್‌ನಿಂದ ಬೆಳಗತ್ತೆ, ಬ್ಯಾಟರಿ ಬೇಡ, ಕಪ್ಪು ಬಫಲೋ ಮೇಲೆ ಕಪ್ಪು ಗೆರೆ ಕಾಣದಿದ್ದಾಗ ಆ ಚುಕ್ಕಿ ಉಪಯೋಗಕ್ಕೆ ಬರತ್ತೆ. ಆದ್ರೆ ತೂಕ 400 ಗ್ರಾಂ ಹತ್ರ. ಮೇಷ್ಟ್ರ ಲೆಕ್ಕ ನೆನಪಿಟ್ಕೊಳ್ಳಿ. ಗೆರೆ ಮಾತ್ರ ದಪ್ಪಂದು ತಗೊಳ್ಳಿ, ತೆಳ್ಳಗಿನ ಗೀಟುಗಳ ಜಾತ್ರೆ ಬೇಡ.

ಹಾನಬಾಳ್_ಹುಡುಗ:
ಆನ್‌ಲೈನಲ್ಲಿ ನಾಲ್ಕು ಸಾವಿರಕ್ಕೆ ಅದೇ ಹೆಸ್ರಿಂದು ಸಿಗತ್ತೆ ನೋಡಿ

ಹವಾಲ್ದಾರ್_ಅರಸೀಕೆರೆ:
ನಾಲ್ಕು ಸಾವಿರಕ್ಕೆ ಸಿಗೋದು ಹೆಸರು ಮಾತ್ರ ತಮ್ಮಾ. ಲೈಸೆನ್ಸ್ ಇರೋ ಗನ್ ಅಂಗಡಿಯಲ್ಲಿ ಬಿಲ್ ಸಮೇತ ತಗೋಬೇಕು.

ಏರ್‌ಗನ್_ಚಿಕ್ಕಮಗಳೂರು:
ಹೌದು, ನಕಲಿ ಒಂದು ನನ್ನ ಸ್ನೇಹಿತ ತಂದಿದ್ದ, ಬಿಸಿಲಲ್ಲಿಟ್ಟಿದ್ದಕ್ಕೇ ಮೇಲಿನ ಅಕ್ಷರ ಎದ್ದು ಬಂತು.

ತೋಟದಮನೆ_ಮೂಡಿಗೆರೆ:
ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ. ಹವಾಲ್ದಾರ್ ಸಾರ್, ನಿಮಗೆ ಕೈ ಮುಗೀತೀನಿ. ಗನ್‌ಸ್ಮಿತ್ ಹತ್ರ ಬಿಚ್ಚಿಸಿದ್ರೆ ಮುಂದಿನ ಬೇಸಿನ ಒಂದು ಸ್ಕ್ರೂ ಒಳಗೇ ತುಂಡಾಗಿ ಕೂತಿತ್ತು, ತಲೆ ಮಾತ್ರ ಮೇಲೆ ಅಲಂಕಾರಕ್ಕೆ. ಹಿಂದಿನ ಬೇಸಿನ ಅಡಿ ಎಣ್ಣೆ ಮಡುಗಟ್ಟಿತ್ತು. ರಿಂಗ್ ಒಳಗಡೆ ಸ್ಕೋಪ್ ಮುಂದಕ್ಕೆ ಜಾರಿದ ಗೀರು ಮೂರು ಎಂಎಂ ಉದ್ದ ಇದೆ. ಅಂದ್ರೆ ಇಷ್ಟು ದಿನ ಸ್ಕೋಪ್ ಒಂದು ಸ್ಕ್ರೂ ಮೇಲೆ ಕುಣೀತಾ ಇತ್ತು, ಅದರಲ್ಲೇ ತಂತಿ ಹೋಗಿದ್ದು ಅಂತ ಅವರೂ ಅಂದ್ರು. ತುಂಡು ತೆಗೆದು ನಾಲ್ಕೂ ತೂತಿಗೆ 8-40 ಹಾಕಿದಾರೆ, ಬಿಚ್ಚೋ ರಿಂಗ್ ಹಾಕ್ಸಿದೀನಿ, ದೊಡ್ಡಪ್ಪನ ಮಾತಿಗೆ ತೆರೆದ ಸೈಟೂ ಉಳಿಸಿದೀನಿ. ಸ್ಕೋಪ್ 1.5-5x20 ಹೇಳಿದೀನಿ, ಭಾವ ಅಂಥದ್ದೇ ಒಂದು ಅವರೇ ಅಲ್ಲಿ ತಗೋತಾರೆ.

ಕನ್ನಡಕ_ರಿಪೇರಿ_ಹಾಸನ:
ಬಂದ ಮೇಲೆ ಪರೀಕ್ಷೆ ಮಾಡದೇ ನಂಬ್ಬೇಡಿ. ಮೂರು ಗುಂಡು ಹೊಡೀರಿ, ಬಲಕ್ಕೆ 20 ಕ್ಲಿಕ್ ತಿರುಗಿಸಿ ಒಂದು, ಮೇಲಕ್ಕೆ 20 ಒಂದು, ಎಡಕ್ಕೆ 20 ಒಂದು, ಕೆಳಕ್ಕೆ 20 ಒಂದು. ಕೊನೇದು ಮೊದಲಿನ ಮೂರರ ಜೊತೆ ಬಂದು ಕೂರ್ಬೇಕು. 100 ಮೀಟರಲ್ಲಿ ಕಾಲು ಮಿನಿಟಿನ (ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಮಿನಿಟ್) ಒಂದು ಕ್ಲಿಕ್ ಅಂದ್ರೆ 7 ಎಂಎಂ, 20 ಕ್ಲಿಕ್ಕಿಗೆ 14-15 ಸೆಂಟಿಮೀಟರ್ ಚೌಕ ಬರ್ಬೇಕು. ಚೌಕ ಮುಚ್ಚದಿದ್ರೆ ವಾಪಸ್ ಕೊಡಿ.

ಹವಾಲ್ದಾರ್_ಅರಸೀಕೆರೆ:
ಮತ್ತೆ ರಿಂಗಿನ ಅಂಚಲ್ಲಿ ಟ್ಯೂಬ್ ಮೇಲೆ ಪೆನ್ಸಿಲಲ್ಲಿ ಒಂದು ಸಣ್ಣ ಗೆರೆ ಎಳೀರಿ. ಹತ್ತು ಗುಂಡಾದ್ಮೇಲೆ ನೋಡಿ, ಗೆರೆ ಜರುಗಿದ್ರೆ ಸ್ಕೋಪ್ ಜಾರಿದೆ ಅಂತ.

ತೋಟದಮನೆ_ಮೂಡಿಗೆರೆ:
ಆಗ್ಲಿ ಸಾರ್. ಹೂಮಳೆ ಬಿದ್ದು ಗಿಡದ ಕೆಲಸ ಒಂದು ಹದಕ್ಕೆ ಬರ್ಲಿ, ರೇಂಜಿಗೆ ಹೋಗಿ ನಿಂತ್ಕೊಂಡೇ ಹೊಡೆದು ಟಾರ್ಗೆಟ್ ಪೇಪರ್ ಫೋಟೋ ಹಾಕ್ತೀನಿ, ಪೆನ್ಸಿಲ್ ಗೆರೆದೂ ಹಾಕ್ತೀನಿ.

ಹಳೇ_ತೋಟೆಕೋವಿ:
ತೆರೆದ ಸೈಟಲ್ಲೂ ಐದು ಹೊಡೆದು ಹಾಕು, ನೋಡೋಣ.